ಬೂಟಿನೊಳಗಿನ ನೆದರ್ಲೆಂಡ್ಸ್

ನಾನು ಪುಕ್ಕಲ ಎಂದು ನನ್ನ ಹೆಂಡತಿ ಸುಮಂಗಲಾ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇದು ಸರಿಯಲ್ಲ. ನಾನು ಮುಂಜಾಗ್ರತೆಯ ಮನುಷ್ಯ, ಅಷ್ಟೇ. ನೆದರ್ಲೆಂಡ್ಸಿನ ಬೆಸ್ಟ್ ಎಂಬ ಊರಿನ ನಮ್ಮ ಮನೆಯಿಂದ ಐಂಡ್‌ಹೋವನ್‌ನ ಆಫೀಸಿಗೆ ಸೈಕಲ್ಲಿನಲ್ಲಿ ಹೋಗುವಾಗ ಹೆಲ್ಮೆಟ್ ಹಾಕುವ ದೊಡ್ಡ ಮನುಷ್ಯ ಆ ದಾರಿಯಲ್ಲಿ ನಾನೊಬ್ಬನೇ. ಎಂಬತ್ತು ದಾಟಿದ ಡಚ್ ಅಜ್ಜಿಯರು ಬರಿತಲೆಯಲ್ಲಿ ನನ್ನನ್ನು ಹಿಂದೆ ಹಾಕಿ, ತಿರುಗಿ ಕನಿಕರದಿಂದ ನೋಡಿ ಹೋಗುತ್ತಾರೆ. ನೋಡಲಿ! ತಲೆ ನನ್ನದು. ಮನೆಯಲ್ಲಿ ಮೂರು ಹೊಗೆ ಅಲಾರಂ ಹಾಕಿಸಿದ್ದೇನೆ. ಸುಮಂಗಲಾ ಒಗ್ಗರಣೆ ಹಾಕಿದಾಗಲೆಲ್ಲ ಮೂರೂ ಒಟ್ಟಿಗೆ ಬಡಿದುಕೊಳ್ಳುತ್ತವೆ. ಇಂಥ ನಾನು ನಮ್ಮ ಈಜಿಪ್ಟ್ ಪ್ರವಾಸದ ಭದ್ರತೆಯ ಸಂಪೂರ್ಣ ಹೊಣೆಯನ್ನು ಹೆಗಲ ಮೇಲೆ ಹೊತ್ತಾಗ, ಎಡವಟ್ಟಿಗೆ ಎಲ್ಲೂ ಜಾಗವೇ ಇರುವುದಿಲ್ಲ ಎಂದು ಮನಃಪೂರ್ವಕವಾಗಿ ನಂಬಿದ್ದೆ.

ಈಜಿಪ್ಟ್ ನನ್ನ ಆಯ್ಕೆಯಾಗಿರಲಿಲ್ಲ. ಹನ್ನೊಂದು ವರ್ಷದ ಮಗಳು ಇಂಚರಾ ಶಾಲೆಯಲ್ಲಿ ಹಳೆಯ ಈಜಿಪ್ಟಿನ ಮೇಲೆ ಪ್ರಾಜೆಕ್ಟ್ ಮಾಡಿ, ರಟ್ಟಿನ ಗುಡಿಯೊಂದನ್ನು ಕಟ್ಟಿ ಊಟದ ಮೇಜಿನ ಮೇಲೆ ತಿಂಗಳುಗಟ್ಟಲೆ ಇಟ್ಟಿದ್ದಳು. ಅಕ್ಟೋಬರಿನ ರಜೆ ಬಂತು. ನಾನು ಎಂದಿನಂತೆ ನೂರ್ಡ್‌ವೈಕ್‌ನ ಸಮುದ್ರದಂಡೆ ಎಂದೆ. ಕಾರಿನಲ್ಲಿ ಹೋಗಿ ಬರಬಹುದು, ನೀರಿನಿಂದ ದೂರ ನಿಂತು ನೋಡಬಹುದು, ಹತ್ತಿರದಲ್ಲೇ ಆಸ್ಪತ್ರೆಯೂ ಇದೆ.

"ಪ್ರತಿ ವರ್ಷ ಅದ ಸಮುದ್ರ, ಅದ ಗಾಳಿ, ಅದ ಆಲೂಗಡ್ಡಿ ಫ್ರೈ," ಎಂದಳು ಸುಮಂಗಲಾ. ಅವಳು ಧಾರವಾಡದವಳು. ನನ್ನ ಮೈಸೂರು ಕನ್ನಡದ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿಯೂ ಅವಳ ಮಾತು ಒಂದಿಂಚು ಕದಲಿಲ್ಲ. "ಪಟ್ಟದಕಲ್ಲು, ಐಹೊಳಿ ನೋಡಿ ಬೆಳದಾಕಿ ನಾ. ನನಗ ಗುಡಿ ನೋಡಬೇಕ್ರೀ. ಮೂರ್ ಸಾವಿರ ವರ್ಷದ ಗುಡಿ, ಸುತ್ತ ಮರಳುಗಾಡು, ನಡುವ ನದಿ, ನದಿ ದಂಡಿ ಮ್ಯಾಲ ಹಳ್ಳಿ. ಟಿಕೆಟ್ ನೋಡೇನಿ."

"ನೋಡಿದ್ದೀಯೋ, ಬುಕ್ ಮಾಡಿದ್ದೀಯೋ?"

"ಬುಕ್ ಮಾಡಿ ನೋಡೇನಿ."

ಅಂದಿನಿಂದಲೇ ನಾನು ಇಂಟರ್ನೆಟ್ಟಿನಲ್ಲಿ ಅಧ್ಯಯನಕ್ಕೆ ಕುಳಿತೆ. ಪ್ರವಾಸಿಗರ ಅಭಿಪ್ರಾಯಗಳಲ್ಲಿ ಐದು ನಕ್ಷತ್ರ ಕೊಟ್ಟವನ್ನು ನಾನು ಓದುವುದಿಲ್ಲ; ಖುಷಿಯಾಗಿ ಬಂದವರಿಂದ ಕಲಿಯುವುದೇನಿದೆ? ಒಂದು ನಕ್ಷತ್ರದವನ್ನು ಮಾತ್ರ ಓದಿದೆ. ವಾರದೊಳಗೆ ನನಗೆ ಚೇಳಿನ ಭಯ, ಮೊಸಳೆಯ ಭಯ, ಬಿಸಿಲಿನ ಭಯ, ಸಲಾಡಿನ ಭಯ, ಜೇಬುಗಳ್ಳರ ಭಯ, ಒಂಟೆ ಕಚ್ಚುತ್ತದೆಂಬ ಭಯ ಎಲ್ಲವೂ ಬಂದು ನೆಲೆಸಿದವು. ಸಮಾಧಾನಕ್ಕೆಂದು ನನ್ನ ಸಹೋದ್ಯೋಗಿ ಇಕ್ಬಾಲ್‌ನ ಮನೆಗೆ ಹೋದೆ. ಚನ್ನಪಟ್ಟಣದವನು, ಎರಡು ಸಲ ಈಜಿಪ್ಟ್ ಸುತ್ತಿ ಬಂದವನು.

"ಏನೂ ಆಗಲ್ಲ ಕಣೋ ಶ್ರೀಕಂಠ," ಎಂದ ಇಕ್ಬಾಲ್. "ಚಿನ್ನದಂಥ ಜನ. ಟೋಪಿ ಹಾಕ್ಕೊ, ನೀರು ಕುಡಿ, ಸಾಕು. ಪಾಸ್‌ಪೋರ್ಟ್ ಕಳೆದುಹೋದ್ರೂ ಎಂಬೆಸಿಯವರು ಏನೋ ಒಂದು ದಾರಿ ತೋರಿಸ್ತಾರೆ. ಈ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಹೋದ್ರೆ ಮಾತ್ರ..."

ಅಷ್ಟು ಹೇಳಿ ಅವನು ಚಹಾ ಕುಡಿದ. ನಿಧಾನವಾಗಿ ಕುಡಿದ. ಬಿಸ್ಕತ್ತು ಅದ್ದಿಕೊಂಡು ತಿಂದ.

"ಮಾತ್ರ?" ಎಂದೆ ನಾನು.

"ಏನು ಮಾತ್ರ?"

"ಕಾರ್ಡ್ ಹೋದ್ರೆ ಮಾತ್ರ ಅಂದ್ಯಲ್ಲ!"

"ಓ, ಅದಾ? ವಾಪಸ್ ವಿಮಾನ ಹತ್ತಿಸಲ್ಲ, ಅಷ್ಟೇ. ನಕ್ಕೋ ಟೆನ್ಶನ್ ಲೇ."

ಟೆನ್ಶನ್ ಬೇಡವಂತೆ! ನಾವು ಈ ದೇಶದಲ್ಲಿ ಇರಬಹುದು, ದುಡಿಯಬಹುದು, ಹೊರಗೆ ಹೋದರೆ ಮತ್ತೆ ಒಳಗೆ ಬರಬಹುದು ಎಂದು ಹೇಳುವುದು ಬೆರಳುದ್ದದ ಆ ಪ್ಲಾಸ್ಟಿಕ್ ಕಾರ್ಡ್ ಒಂದೇ. ಉಳಿದ ಎಲ್ಲ ಭಯಗಳೂ ಎದ್ದು ನಿಂತು ಆ ಒಂದು ಭಯಕ್ಕೆ ಜಾಗ ಬಿಟ್ಟುಕೊಟ್ಟವು. ಮೂರು ಜನರ ಮೂರು ಕಾರ್ಡ್. ಎಲ್ಲಿಡುವುದು? ಬ್ಯಾಗನ್ನು ಎಗರಿಸುತ್ತಾರೆ. ಜೇಬಿಗೆ ಕೈ ಹಾಕುತ್ತಾರೆ. ಹೋಟೆಲಿನ ಲಾಕರಿಗೆ ಹೋಟೆಲಿನವರ ಬಳಿಯೂ ಕೀ ಇರುತ್ತದೆ. ಮೂರು ದಿನ ಯೋಚಿಸಿದ ಮೇಲೆ ಉತ್ತರ ಹೊಳೆಯಿತು. ಮೈಮೇಲಿನ ಎಲ್ಲವನ್ನೂ ಕದಿಯಬಹುದು, ಆದರೆ ನಡೆಯುತ್ತಿರುವ ಮನುಷ್ಯನ ಬೂಟನ್ನು ಕದ್ದವರು ಯಾರಿದ್ದಾರೆ?

ವಿಮಾನ ಮೇಲೇರಿ ಬೆಲ್ಟ್ ದೀಪ ಆರಿದ ಕೂಡಲೇ ಬಲಗಾಲಿನ ಬೂಟು ಬಿಚ್ಚಿ, ಒಳಗಿನ ಮೆತ್ತೆ ಎತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೂರೂ ಕಾರ್ಡುಗಳನ್ನು ಅದರಡಿ ಇಡತೊಡಗಿದೆ.

"ಬೂಟಿನೊಳಗ ಏನ್ ತುರಕಾಕತ್ತೀರಿ?" ಎಂದು ಸುಮಂಗಲಾ ಪಿಸುಗುಟ್ಟಿದಳು. "ಬ್ಯಾಗಿನ್ಯಾಗ ಇಟ್ಟರ ಆಗೂದಿಲ್ಲೇನು?"

"ನಿನಗೆ ಗೊತ್ತಾಗಲ್ಲ ಸುಮಾ. ಇದು ಸೆಕ್ಯೂರಿಟಿ."

"ಅಪ್ಪಾ, ಡೂ ನೊರ್ಮಾಲ್!" ಎಂದಳು ಇಂಚರಾ ಮುಖ ಮುಚ್ಚಿಕೊಂಡು. ನೆಟ್ಟಗೆ ಇರು ಎಂದು ಡಚ್ ಮಕ್ಕಳು ಒಬ್ಬರಿಗೊಬ್ಬರು ಹೇಳುವ ಮಾತು ಇದು. ನಮ್ಮ ಮನೆಯಲ್ಲಿ ಮಗು ಅಪ್ಪನಿಗೆ ಹೇಳುತ್ತದೆ. ಪಕ್ಕದ ಸೀಟಿನ ಮನುಷ್ಯ ಮಾತ್ರ ಏನೂ ಹೇಳದೆ ತನ್ನ ತಲೆಯ ಮೇಲಿನ ಗಾಳಿಯ ಗುಂಡಿಯನ್ನು ಪೂರ್ತಿ ತಿರುಗಿಸಿಕೊಂಡ.

ಮೂರು ದಿನ ಲಕ್ಸರ್ ಊರಿನ ಗುಡಿಗಳಲ್ಲಿ ಕಳೆದೆವು. ಆನೆ ಗಾತ್ರದ ಕಂಬಗಳಿದ್ದವಂತೆ. ಕಂಬದ ತುದಿಯಲ್ಲಿ ಇನ್ನೂ ಬಣ್ಣ ಉಳಿದಿತ್ತಂತೆ. ನಾನು ನೋಡಲಿಲ್ಲ. ಫೋಟೊಗಳಲ್ಲೆಲ್ಲ ಸುಮಂಗಲಾ ಮತ್ತು ಇಂಚರಾ ಮೇಲೆ ನೋಡುತ್ತಿದ್ದಾರೆ, ನಾನು ನನ್ನ ಬಲಗಾಲನ್ನು ನೋಡುತ್ತಿದ್ದೇನೆ. ಕಾರ್ಡಿನ ಮೂಲೆ ಹಿಮ್ಮಡಿಗೆ ಚುಚ್ಚುತ್ತಿತ್ತು, ಆ ಚುಚ್ಚು ನನಗೆ ಪರಮ ಸುಖ ಕೊಡುತ್ತಿತ್ತು. ಚುಚ್ಚುತ್ತಿದೆ ಎಂದರೆ ಇದೆ ಎಂದರ್ಥ! ಕುಂಟುತ್ತಾ ಮೂರು ಸಾವಿರ ವರ್ಷಗಳನ್ನು ದಾಟಿದೆ. ಸುಮಂಗಲಾಳಿಗೆ ಮಾತ್ರ ಒಂದು ಕೊರಗು ಇತ್ತು. "ಎಲ್ಲಾರೂ ದೇವರ ಗುಡಿಯೊಳಗ ಬೂಟ್ ಹಾಕ್ಕೊಂಡ ಅಡ್ಡಾಡ್ತಾರ. ಒಂಥರಾ ಅನಸ್ತದ ನೋಡ್ರಿ," ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು. ಈ ದೇವರುಗಳು ರಿಟೈರ್ ಆಗಿ ಬಹಳ ಕಾಲವಾಯಿತು ಎಂದು ನಾನು ಸಮಾಧಾನ ಹೇಳಿದೆ.

ನಾಲ್ಕನೆಯ ದಿನ ಅಸ್ವಾನ್. ಅಲ್ಲಿ ನೀರಿನ ನಡುವಿನ ದ್ವೀಪವೊಂದರಲ್ಲಿ ಐಸಿಸ್ ಎಂಬ ದೇವಿಯ ಗುಡಿ ಇದೆ. ದೋಣಿಯಲ್ಲಿ ಹೋಗಬೇಕು. ನನಗೆ ಈಜು ಬರುವುದಿಲ್ಲ. ದೋಣಿಯಲ್ಲಿದ್ದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಹಾಕಿಕೊಂಡೆ. ಅದರ ಮೇಲೆ ಇನ್ನೊಂದನ್ನೂ ಹಾಕಿಕೊಂಡೆ. ದೋಣಿ ನಡೆಸುವ ಮಹಮೂದ್ ನನ್ನ ಪ್ರಾಯದವನು, ದಪ್ಪ ಮೀಸೆ, ಹರಕುಮುರುಕು ಇಂಗ್ಲಿಷ್. ನನ್ನನ್ನು ನೋಡಿ, "ಸರ್, ಓನ್ಲಿ ಟೆನ್ ಮಿನಿಟ್ಸ್," ಎಂದ.

ಐದನೇ ನಿಮಿಷಕ್ಕೆ ಎಂಜಿನ್ ನಿಂತಿತು.

ಸುತ್ತ ನೀರು. ದೂರದಲ್ಲಿ ಬಂಡೆ, ಅದರಾಚೆ ಮರಳು. ದೋಣಿ ತನ್ನಷ್ಟಕ್ಕೆ ತಿರುಗತೊಡಗಿತು. ಮಹಮೂದ್ ಒಂದು ಸ್ಪ್ಯಾನರ್ ತೆಗೆದುಕೊಂಡು ಹಾಡು ಹೇಳುತ್ತಾ ಎಂಜಿನ್ನಿಗೆ ಬಡಿಯುತ್ತಿದ್ದ. ಸುಮಂಗಲಾ ಫೋಟೊ ತೆಗೆಯುತ್ತಿದ್ದಳು. ಇಂಚರಾ ನೀರಿಗೆ ಕೈ ಇಳಿಬಿಟ್ಟಿದ್ದಳು. ಈ ನದಿಯ ಮೊಸಳೆಗಳ ಬಗ್ಗೆ ಒಂದು ನಕ್ಷತ್ರದ ಅಭಿಪ್ರಾಯವೊಂದನ್ನು ಓದಿದ್ದೆ. ಬರೆದವನು ಬದುಕಿದ್ದರಿಂದಲೇ ಬರೆದಿದ್ದ ಎಂಬುದು ಆಗ ಹೊಳೆಯಲಿಲ್ಲ. ದ್ವೀಪದ ಗುಡಿಯ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗಿದೆ. "ತಾಯೀ, ನಿನ್ನನ್ನು ರಿಟೈರ್ ಆದವಳು ಅಂದದ್ದು ತಪ್ಪಾಯಿತು. ದಡ ಮುಟ್ಟಿಸು. ಬರಿಗಾಲಲ್ಲಿ ಬಂದು ಮೂರು ಪ್ರದಕ್ಷಿಣೆ ಹಾಕುತ್ತೇನೆ!"

ಎಂಜಿನ್ ಬುಡುಬುಡು ಎಂದು ಶುರುವಾಯಿತು. ಮಹಮೂದ್ ಅದು ಸ್ಪ್ಯಾನರಿನ ಮಹಿಮೆ ಎಂದುಕೊಂಡ. ಇರಲಿ, ನಾನು ಅವನ ಜೊತೆ ವಾದಕ್ಕೆ ಹೋಗಲಿಲ್ಲ.

ದಡ ಸಿಕ್ಕಿದ ಆ ಸಂತೋಷ ಎಂಥದು ಎಂದು ನಿಮಗೆ ಹೇಗೆ ಹೇಳಲಿ! ನೆಲ! ಗಟ್ಟಿ ನೆಲ! ಮೆಟ್ಟಿಲು ಹತ್ತಿ ಬಾಗಿಲ ಬಳಿ ಬಂದೆ. ನೆರಳಿನಲ್ಲಿ ಒಬ್ಬ ಮುದುಕರು ಕುಳಿತಿದ್ದರು. ಬಿಳಿ ನಿಲುವಂಗಿ, ಬಿಳಿ ಪೇಟ, ಶಾಂತ ಮುಖ. ಗುಡಿಯ ಬಾಗಿಲಲ್ಲಿ ಸುಮ್ಮನೆ ಕುಳಿತ ಮುದುಕರು ಎಂದರೆ ನಮ್ಮ ಕಡೆ ಒಂದೇ ಅರ್ಥ: ಚಪ್ಪಲಿ ಕಾಯುವವರು. ಬೂಟು ಎರಡನ್ನೂ ಬಿಚ್ಚಿದೆ. ಕಾಲುಚೀಲವನ್ನು ಜೇಬಿಗೆ ಹಾಕಿಕೊಂಡೆ. ಹರಕೆಯ ಸಮಯ, ದೊಡ್ಡ ಮನಸ್ಸು ಮಾಡಬೇಕು ಎಂದು ಬೂಟಿನ ಮೇಲೆ ಒಂದು ನೋಟನ್ನೂ ಇಟ್ಟು, ಎರಡೂ ಕೈಯಿಂದ ಅವರಿಗೆ ಕೊಟ್ಟೆ. "ಟೆನ್ ಮಿನಿಟ್ಸ್," ಎಂದೆ. ಅವರು ಬೂಟನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ನಿಂತು ಎದೆಯ ಮೇಲೆ ಬಲಗೈ ಇಟ್ಟು ಉದ್ದಕ್ಕೆ ಏನೋ ಹರಸಿದರು. ಕಣ್ಣು ತೇವವಾಗಿತ್ತು. ಚಪ್ಪಲಿ ಕಾಯುವ ಕೆಲಸದಲ್ಲೂ ಎಂಥ ಶ್ರದ್ಧೆ ಎಂದು ಮೆಚ್ಚಿಕೊಂಡು ಒಳಗೆ ನಡೆದೆ.

ಸುಮಂಗಲಾ ಮತ್ತು ಇಂಚರಾ ಮುಂದಿನ ಅಂಗಳದಲ್ಲಿ ಉಳಿದರು. ಇಂಚರಾಳಿಗೆ ಗೋಡೆಯ ಮೇಲಿನ ಗಿಡುಗವೊಂದರ ಚಿತ್ರ ಬರೆದುಕೊಳ್ಳಬೇಕಿತ್ತು. ನಾನು ಪ್ರದಕ್ಷಿಣೆಗೆ ಹೊರಟೆ. ಬಿಸಿಲಿಗೆ ಕಲ್ಲು ಕಾದ ಹೆಂಚಾಗಿತ್ತು. ಮೊದಲ ಸುತ್ತು ಭಕ್ತಿಯಿಂದ ನಡೆದೆ, ಎರಡನೆಯದನ್ನು ಓಡಿದೆ, ಮೂರನೆಯದನ್ನು ಕುಪ್ಪಳಿಸಿದೆ. ಪ್ರವಾಸಿಗರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೊನೆಗೆ ನೆರಳಿಗೆ ಬಂದು ಕಂಬಕ್ಕೊರಗಿ ನಿಂತೆ. ಅಂಗಾಲು ಉರಿಯುತ್ತಿತ್ತು, ಮನಸ್ಸು ಹಗುರವಾಗಿತ್ತು. ಇಷ್ಟು ಹಗುರ ಯಾಕೆ ಎಂದು ಒಂದು ಕ್ಷಣ ಯೋಚಿಸಿದೆ. ಏನೋ ಕಡಿಮೆಯಾಗಿದೆ. ನಾಲ್ಕು ದಿನದಿಂದ ಬಲ ಹಿಮ್ಮಡಿಗೆ ಚುಚ್ಚುತ್ತಿದ್ದದ್ದು ಈಗ ಚುಚ್ಚುತ್ತಿಲ್ಲ.

ಕಾರ್ಡು!

ಬಾಗಿಲಿಗೆ ಓಡಿದೆ. ನೆರಳಿತ್ತು. ಮೆಟ್ಟಿಲಿತ್ತು. ಮುದುಕರಿರಲಿಲ್ಲ. ಬೂಟಿರಲಿಲ್ಲ. ಟಿಕೆಟ್ ನೋಡುವವನನ್ನು ಸನ್ನೆಯಲ್ಲಿ ಕೇಳಿದೆ. ಅವನು ನಗುತ್ತಾ ನನ್ನ ಬೆನ್ನು ತಟ್ಟಿ, "ವೆರಿ ಗುಡ್ ಮ್ಯಾನ್! ಗುಡ್ ಗಿಫ್ಟ್!" ಎಂದ.

ಗಿಫ್ಟ್! ನಾನು ಕಾಯಲು ಕೊಟ್ಟದ್ದನ್ನು ಅವರು ದಾನವೆಂದು ತೆಗೆದುಕೊಂಡಿದ್ದರು. ತೆಗೆದುಕೊಳ್ಳದೆ ಇನ್ನೇನು? ಗುಡಿಗೆ ಬೂಟು ಹಾಕಿಕೊಂಡೇ ಹೋಗುವ ದೇಶದಲ್ಲಿ, ಒಬ್ಬ ಮನುಷ್ಯ ಬಂದು ಎರಡೂ ಕೈಯಿಂದ ಒಳ್ಳೆಯ ಬೂಟು ಕೊಟ್ಟು, ಮೇಲೆ ದಕ್ಷಿಣೆಯನ್ನೂ ಇಟ್ಟರೆ ಯಾರು ತಾನೇ ಬೇರೆ ಏನು ಅಂದುಕೊಳ್ಳುತ್ತಾರೆ?

ಅಂಗಳಕ್ಕೆ ಮರಳಿದೆ. ಸುಮಂಗಲಾ ನನ್ನ ಕಾಲನ್ನು ನೋಡಿದಳು.

"ಬೂಟ್ ಎಲ್ರೀ?"

"ದಾನ ಮಾಡಿದೆ."

"ಭಾಳ ಛಲೋ ಆತು. ಕಾರ್ಡ್ ತಗೊಂಡ್ರಿ ಹೌದಿಲ್ಲೋ?"

ಹೇಳಿಬಿಡಬೇಕಿತ್ತು. ನಿಜವಾಗಿ ಆ ಕ್ಷಣವೇ ಹೇಳಿಬಿಡಬೇಕಿತ್ತು. ಆದರೆ ಬೂಟಿನಲ್ಲಿ ಬೇಡ, ಬ್ಯಾಗಿನಲ್ಲಿಡಿ ಎಂದವಳು ಅವಳು. ಇದು ಸೆಕ್ಯೂರಿಟಿ ಎಂದವನು ನಾನು. "ಇವೆ ಇವೆ," ಎಂದು ಶರಟಿನ ಜೇಬನ್ನು ತಟ್ಟಿ ತೋರಿಸಿದೆ. ಒಳಗೆ ಇದ್ದದ್ದು ಹೋಟೆಲ್ ಕೋಣೆಯ ಕೀ ಕಾರ್ಡ್. ಸುಮಂಗಲಾ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಛಲೋ," ಎಂದಳು. ಇಂಚರಾಳಿಗೆ ಅದೇಕೋ ಕೆಮ್ಮು ಬಂದು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡಳು. ಮರಳುಗಾಡಿನ ಧೂಳು ಎಂದುಕೊಂಡೆ.

ಕಂಬವೊಂದರ ಹಿಂದೆ ನಿಂತು ಇಕ್ಬಾಲ್‌ಗೆ ಫೋನ್ ಮಾಡಿದೆ.

"ಕಾರ್ಡ್ ಹೋಯ್ತು ಕಣೋ."

"ಯಾ ಅಲ್ಲಾ! ಕದ್ದ್ರಾ?"

"ಇಲ್ಲ."

"ಬಿದ್ದು ಹೋಯ್ತಾ?"

"ಇಲ್ಲ. ನಾನೇ ಕೊಟ್ಟೆ. ಮೂರೂ ಕೊಟ್ಟೆ. ಮೇಲೆ ದುಡ್ಡನ್ನೂ ಇಟ್ಟು ಕೊಟ್ಟೆ."

ಇಕ್ಬಾಲ್ ಮೆಲ್ಲಗೆ ಹೇಳಿದ. "ನೋಡು, ಮೊದಲು ಪೊಲೀಸ್ ಕಂಪ್ಲೇಂಟ್ ಬೇಕು. ಆಮೇಲೆ ಕೈರೋಗೆ ಹೋಗಿ ವಾಪಸ್ ಬರೋಕೆ ವೀಸಾ ಕೇಳ್ಬೇಕು. ಎಷ್ಟು ದಿನ ಹಿಡಿಯುತ್ತೋ ಗೊತ್ತಿಲ್ಲ. ಭಾಭಿಗೆ ಹೇಳಿದ್ಯಾ?"

"ಇಲ್ಲ."

"ಹೇಳು."

"ಆಗಲ್ಲ."

ಪೊಲೀಸರಿಗೆ ಏನೆಂದು ಬರೆದುಕೊಡುವುದು? ಆರೋಪಿಯು ನನ್ನನ್ನು ಹರಸಿ ಹೊರಟುಹೋದನು ಎಂದೇ? ನಾಡಿದ್ದು ನಮ್ಮ ವಿಮಾನ. ಸೋಮವಾರ ಇಂಚರಾಳ ಶಾಲೆ. ರಜೆ ಮುಗಿದ ಮೇಲೆ ಮಗು ಕಾರಣವಿಲ್ಲದೆ ಬರದಿದ್ದರೆ ಶಾಲಾ ಹಾಜರಾತಿಯ ಅಧಿಕಾರಿಯಿಂದ ಪತ್ರ ಬರುವ ದೇಶ ನಮ್ಮದು. ಸುಮಂಗಲಾ ಎರಡು ವರ್ಷ ಡಚ್ ಕಲಿತು, ಆಗಷ್ಟೇ ಒಂದು ಗ್ರಂಥಾಲಯದಲ್ಲಿ ಕೆಲಸ ಹಿಡಿದಿದ್ದಳು. ಒಂದನೇ ತಾರೀಕು ಅವಳ ಮೊದಲ ದಿನ. ಅವಳು ಆ ದಿನಕ್ಕಾಗಿ ಹೊಸ ಕೋಟು ಕೊಂಡು, ಬೆಲೆಚೀಟಿಯನ್ನೂ ಕೀಳದೆ ಕಪಾಟಿನಲ್ಲಿ ನೇತುಹಾಕಿ, ದಿನಾ ಒಮ್ಮೆ ಬಾಗಿಲು ತೆರೆದು ನೋಡುತ್ತಿದ್ದಳು. ಅಲ್ಲಿಯವರೆಗಿನ ನನ್ನ ಭಯಗಳೆಲ್ಲ ಒಂದು ಬಗೆಯ ಹವ್ಯಾಸ ಎಂದು ನನಗೆ ಆಗ ಗೊತ್ತಾಯಿತು. ಇದು ನಿಜವಾದ ಹೆದರಿಕೆ.

ಮಹಮೂದ್‌ನ ಬಳಿಗೆ ಹೋಗಿ, ಬಿಳಿ ಪೇಟ, ಬೂಟು ಎಂದು ಕೈಯಲ್ಲಿ ವಿವರಿಸಿದೆ.

"ಓ, ಇದ್ರಿಸ್! ಟುಡೇ ಹಿಸ್ ಗ್ರ್ಯಾಂಡ್‌ಡಾಟರ್ ವೆಡ್ಡಿಂಗ್," ಎಂದು ಅವನು ನೀರಿನಾಚೆ ಕೈ ತೋರಿಸಿದ. ಬಂಡೆಗಳ ಮೇಲೆ ನೀಲಿ, ಹಳದಿ ಬಣ್ಣದ ಮನೆಗಳ ಒಂದು ಹಳ್ಳಿ ಕಾಣುತ್ತಿತ್ತು. "ಯೂ ಕಮ್? ಎವ್ರಿಬಡಿ ಕಮ್!"

ನಾನು ಸುಮಂಗಲಾಳ ಬಳಿಗೆ ಬಂದು ಗಂಟಲು ಸರಿ ಮಾಡಿಕೊಂಡೆ. "ಸುಮಾ, ಇಷ್ಟು ದೂರ ಬಂದು ಬರೀ ಕಲ್ಲು ನೋಡಿದರೆ ಹೇಗೆ? ಜನಜೀವನವನ್ನೂ ನೋಡಬೇಕಲ್ಲವೇ? ಆ ಹಳ್ಳಿಗೆ ಹೋಗೋಣ."

"ಹಳ್ಳಿಯೊಳಗ ಚೇಳು ಇರ್ತಾವ ಅಂತಿದ್ರಿ?"

"ಸಂಸ್ಕೃತಿಗಾಗಿ ಅಷ್ಟನ್ನು ಸಹಿಸಬೇಕು."

"ಮತ್ತ ದೋಣಿ?"

"ದೋಣಿಯನ್ನೂ ಸಹಿಸಬೇಕು!"

"ನಡೀರಿ ಹಂಗಾರ," ಎಂದು ಅವಳು ಕೂಡಲೇ ಎದ್ದಳು. ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ನನಗೆ ನನ್ನ ಮಾತುಗಾರಿಕೆಯ ಬಗ್ಗೆ ಒಂದಿಷ್ಟು ಹೆಮ್ಮೆಯೂ ಆಯಿತು.

ಹಳ್ಳಿಯಲ್ಲಿ ಮರಳೇ ರಸ್ತೆ. ಒಂದೊಂದು ಹೆಜ್ಜೆಯ ಕೆಳಗೂ ಚೇಳಿನ ಕುಟುಂಬವೊಂದು ವಾಸವಿದೆ ಎಂಬ ಖಾತರಿಯಲ್ಲಿ ತುದಿಗಾಲಲ್ಲಿ ನಡೆದೆ. ಮದುವೆ ಮನೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ತಮ್ಮಟೆಯಂಥ ವಾದ್ಯ ಬಡಿಯುತ್ತಿದ್ದರು. ನನ್ನನ್ನು ಕಂಡದ್ದೇ ಒಂದು ದೊಡ್ಡ ಕೇಕೆ ಎದ್ದಿತು. ಒಬ್ಬರಾದ ಮೇಲೆ ಒಬ್ಬರು ಬಂದು ನನ್ನನ್ನು ಅಪ್ಪಿಕೊಂಡರು, ಕೈ ಕುಲುಕಿದರು, ನನ್ನ ಬರಿಗಾಲನ್ನು ನೋಡಿ ಮತ್ತೆ ಅಪ್ಪಿಕೊಂಡರು. ಅಂಗಳದ ಮೂಲೆಯಲ್ಲಿ ಗೌರವದ ಸ್ಥಳ ಎಂದು ಒಂದು ಕಲ್ಲುಕಟ್ಟೆಯ ಮೇಲೆ ಕೂರಿಸಿ, ಕೈಗೆ ದಾಸವಾಳದ ಕೆಂಪು ಷರಬತ್ತು ಕೊಟ್ಟರು. ಪಕ್ಕದ ತೊಟ್ಟಿಯಲ್ಲಿ ಏನೋ ಅಲುಗಾಡಿತು. ಬಗ್ಗಿ ನೋಡಿದೆ. ಮೊಸಳೆ!

"ಬೇಬಿ, ಬೇಬಿ," ಎಂದ ಮಹಮೂದ್. ಅಲ್ಲಿನ ಕೆಲವು ಮನೆಗಳಲ್ಲಿ ಸಾಕುತ್ತಾರಂತೆ. ಬೇಬಿಯ ಹಲ್ಲುಗಳು ಮಾತ್ರ ಪೂರ್ತಿ ಬಂದಿದ್ದವು. ಎರಡೂ ಕಾಲುಗಳನ್ನು ಕಟ್ಟೆಯ ಮೇಲೆ ಎಳೆದುಕೊಂಡು ಕುಕ್ಕರುಗಾಲಲ್ಲಿ ಕುಳಿತೆ.

ಆಗ ಕಂಡಿತು. ಅಂಗಳದ ನಟ್ಟನಡುವೆ ಇದ್ರಿಸ್ ಅಜ್ಜ ಕುಣಿಯುತ್ತಿದ್ದರು. ಬಿಳಿ ನಿಲುವಂಗಿಯ ಕೆಳಗೆ ನನ್ನ ಬೂದು ಬೂಟು! ಪ್ರತಿ ತಾಳಕ್ಕೂ ಬಲಗಾಲನ್ನು ಎತ್ತಿ ನೆಲಕ್ಕೆ ಬಡಿಯುತ್ತಿದ್ದರು. ಒಂದು ಏಟಿಗೆ ನನ್ನ ನೌಕರಿ, ಇನ್ನೊಂದಕ್ಕೆ ಇಂಚರಾಳ ಶಾಲೆ, ಮತ್ತೊಂದಕ್ಕೆ ಸುಮಂಗಲಾಳ ಹೊಸ ಕೋಟು. ನನಗೆ ತಡೆಯಲಾಗಲಿಲ್ಲ. ಎದ್ದು ನಡುವೆ ನುಗ್ಗಿ, ಅವರ ಕಾಲನ್ನು ತೋರಿಸಿ, ನನ್ನ ಕಾಲನ್ನು ತೋರಿಸಿ, ಬೂಟು ಬಿಚ್ಚುವಂತೆ, ಮೆತ್ತೆ ಎತ್ತುವಂತೆ ಅಭಿನಯಿಸಿದೆ. ಸುತ್ತಲಿದ್ದವರು ಅದನ್ನು ನಮ್ಮ ಕಡೆಯ ನೃತ್ಯ ಎಂದುಕೊಂಡರು! ನಾಲ್ಕು ಜನ ನನ್ನಂತೆಯೇ ಬಗ್ಗಿ ಬೂಟು ಬಿಚ್ಚುವ ಹಾಗೆ ಕುಣಿಯತೊಡಗಿದರು. ತಾಳ ಜೋರಾಯಿತು. ನಾನು ಅಳು ಮುಖ ಮಾಡಿಕೊಂಡು ಇನ್ನೂ ಎರಡು ಸಲ ಅಭಿನಯಿಸಿದೆ. ಇಂಚರಾ ವಿಡಿಯೊ ತೆಗೆಯುತ್ತಿದ್ದಳು.

ಕೊನೆಗೆ ಇದ್ರಿಸ್ ಅಜ್ಜ ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದು, "ಭಾಯ್‌ಸಾಬ್, ಹಿಂದಿ ಮೇ ಬೋಲೋ ನಾ," ಎಂದರು.

ಕುವೈತಿನಲ್ಲಿ ಹನ್ನೆರಡು ವರ್ಷ ಅಡುಗೆಯವರಾಗಿದ್ದರಂತೆ! ಹಿಂದಿ ನನಗಿಂತ ಚೆನ್ನಾಗಿತ್ತು. ನಾನು ತೊದಲುತ್ತಾ, ಬೂಟು ನಿಮ್ಮದೇ, ಇಟ್ಟುಕೊಳ್ಳಿ, ಒಳಗೊಂದು ವಸ್ತು ಇದೆ, ಅದಷ್ಟು ಬೇಕು ಎಂದೆ. ಅವರು ಕುಳಿತು ಬಲಗಾಲಿನ ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಮೆತ್ತೆ ಎತ್ತಿದೆ.

ಖಾಲಿ.

ಎಡಗಾಲಿನದನ್ನೂ ಎತ್ತಿಸಿದೆ. ಖಾಲಿ. ಬೂಟನ್ನು ಮಡಿಲಲ್ಲಿಟ್ಟುಕೊಂಡು ಮರಳಿನ ಮೇಲೆ ಕುಸಿದು ಕುಳಿತೆ. ಚೇಳಿನ ನೆನಪೂ ಬರಲಿಲ್ಲ. ಸುಮಂಗಲಾ ಬಂದು ಎದುರಿಗೆ ನಿಂತಳು.

"ಸುಮಾ," ಎಂದೆ. "ಕಾರ್ಡ್ ಇಲ್ಲ. ಜೇಬಿನಲ್ಲಿಲ್ಲ. ಸುಳ್ಳು ಹೇಳಿದೆ. ಬೂಟಿನ ಜೊತೆ ಕೊಟ್ಟುಬಿಟ್ಟಿದ್ದೆ, ಈಗ ಬೂಟಿನಲ್ಲೂ ಇಲ್ಲ. ದೋಣಿಯಲ್ಲಿ ಹೆದರಿ ಹರಕೆ ಹೊತ್ತೆ, ಅದರಲ್ಲಿ ಇದು ಮರೆತುಹೋಯಿತು. ನಾಡಿದ್ದು ವಿಮಾನ ಹತ್ತಿಸುವುದಿಲ್ಲ. ನಿನ್ನ ಕೆಲಸ... ನಿನ್ನ ಕೋಟು..." ವಾದ್ಯ ಬಡಿಯುವವರು ಕೂಡ ನಿಲ್ಲಿಸಿ ನೋಡುತ್ತಿದ್ದರು.

ಸುಮಂಗಲಾ ತನ್ನ ಬ್ಯಾಗಿನ ಜಿಪ್ ಎಳೆದಳು. ಮೂರು ಕಾರ್ಡುಗಳನ್ನು ಹೊರತೆಗೆದು ನನ್ನ ಮೂಗಿನ ಮುಂದೆ ಹಿಡಿದಳು.

ಬೂಟು ಹಾಕಿಕೊಂಡು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅಜ್ಜನಿಗೆ ಹಿಮ್ಮಡಿಯಲ್ಲಿ ಚುಚ್ಚಿತ್ತಂತೆ. ತೆಗೆದು ನೋಡಿದರೆ ಕಾರ್ಡ್. ಪರದೇಶದಲ್ಲಿ ದುಡಿದವರಿಗೆ ಅಂಥ ಕಾರ್ಡಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದಲೇ ವಾಪಸ್ ಬಂದು, ಕಾರ್ಡಿನ ಫೋಟೊ ನೋಡಿ ಗುಡಿಯ ಅಂಗಳದಲ್ಲಿದ್ದ ಸುಮಂಗಲಾಳನ್ನು ಗುರುತು ಹಿಡಿದು, ಮೂರನ್ನೂ ಅವಳ ಕೈಗಿಟ್ಟಿದ್ದರು. ಬೂಟನ್ನೂ ಕೊಡಲು ಬಂದಾಗ ಅವಳೇ, ಕೊಟ್ಟದ್ದು ಕೊಟ್ಟಾಯಿತು, ಇಟ್ಟುಕೊಳ್ಳಿ ಎಂದಿದ್ದಳು. ಮದುವೆಗೂ ಆಗಲೇ ಕರೆದಿದ್ದರು. ನಾನು ಆ ಹೊತ್ತಿನಲ್ಲಿ ಗುಡಿಯ ಹಿಂಭಾಗದಲ್ಲಿ ಕುಪ್ಪಳಿಸುತ್ತಿದ್ದೆ. ಬೂಟಿನಲ್ಲಿ ದೇಶವನ್ನಿಟ್ಟು ದಾನ ಮಾಡಿದ ಪುಣ್ಯಾತ್ಮನ ಕಥೆ ನಾನು ಬರುವ ಮೊದಲೇ ಊರಿಗೆಲ್ಲ ತಲುಪಿತ್ತು. ಆ ಕೇಕೆ, ಆ ಅಪ್ಪುಗೆ ಎಲ್ಲ ಅದಕ್ಕೇ. ಮಹಮೂದ್‌ಗೂ ಗೊತ್ತಿತ್ತು. ನಾನಾಗಿ ಬಾಯಿ ಬಿಡುವವರೆಗೆ ಯಾರೂ ಹೇಳಬೇಡಿ ಎಂದು ಸುಮಂಗಲಾ ಅವನಿಗೂ ಅಜ್ಜನಿಗೂ ಹೇಳಿಟ್ಟಿದ್ದಳು. ಇಂಚರಾಳ ಕೆಮ್ಮಿಗೆ ಧೂಳು ಕಾರಣವಾಗಿರಲಿಲ್ಲ.

ಬೂಟು ಅಜ್ಜನಿಗೇ ಉಳಿಯಿತು. ಅವರು ನನಗೆ ತಮ್ಮ ಪ್ಲಾಸ್ಟಿಕ್ ಚಪ್ಪಲಿ ಕೊಟ್ಟರು. ಸಂಜೆ ದೋಣಿಯಲ್ಲಿ ಮರಳುವಾಗ ನಾನು ಲೈಫ್ ಜಾಕೆಟ್ ಹಾಕಿಕೊಳ್ಳುವುದನ್ನೂ ಮರೆತು ಕುಳಿತಿದ್ದೆ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಸುಮಾ? ನನ್ನ ಜೀವ ಬಾಯಿಗೆ ಬಂದಿತ್ತು."

"ನಾ ಕೇಳಿದಾಗ ನೀವು ಜೇಬು ಬಡದು ತೋರಿಸಿದ್ರಿ," ಎಂದಳು ಸುಮಂಗಲಾ. ಅವಳು ನಗುತ್ತಿರಲಿಲ್ಲ. "ಕಾರ್ಡ್ ಕಳೀಲಿ ಬಿಡ್ರಿ, ಮತ್ತೊಂದ ಮಾಡಸಬಹುದು. ಕೆಲಸ ಹೋದ್ರ ಮತ್ತೊಂದ ಸಿಗ್ತದ. ನೀವು ಕಂಬದ ಹಿಂದ ಒಬ್ಬರ ನಿಂತು ಇಕ್ಬಾಲ್ ಅವರಿಗೆ ಫೋನ್ ಮಾಡಿದ್ರಿ. ನನಗ ಹೇಳಲಿಲ್ಲ. ಅದಕ್ಕ ಸಿಟ್ಟು ಬಂತು. ಯಾವಾಗ ಹೇಳ್ತೀರಿ ಅಂತ ಕಾಯಕೋತ ಕುಂತೆ. ನಾ ಅಷ್ಟ ಹೆದರಿಸ್ತೀನೇನ್ರೀ ನಿಮಗ?"

ಮೊಸಳೆಯ ಪಕ್ಕ ಕೂತಾಗಲೂ ಆಗದಷ್ಟು ಸಂಕಟವಾಯಿತು. ಅವಳ ಕೈ ಹಿಡಿದುಕೊಂಡು, ಇನ್ನು ಮೇಲೆ ಯಾವ ಭಯವಾದರೂ ನಿನ್ನಿಂದ ಮುಚ್ಚಿಡುವುದಿಲ್ಲ, ಆದ ಕೂಡಲೇ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವಳ ಕಣ್ಣು ತುಂಬಿ ಬಂತು.

ಕೊಟ್ಟ ಮಾತಿಗೆ ನಾನು ತಪ್ಪಿಲ್ಲ. ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ವಿಮಾನದ ರೆಕ್ಕೆ ಸದ್ದು ಮಾಡಿದ್ದನ್ನು ಹೇಳಿದೆ. ಬೆಸ್ಟ್‌ಗೆ ಬಂದ ಮೇಲೆ ಬಾಯ್ಲರಿನ ಗುಡುಗುಡು ಸದ್ದು, ಎಡ ಮೊಣಕಾಲಿನ ನೋವು, ಎದುರುಮನೆಯವರ ಹೊಸ ನಾಯಿ, ಮಗಳ ಸೈಕಲ್ ಬ್ರೇಕು, ಮುಂದಿನ ವರ್ಷ ಪರ್ಮಿಟ್ ನವೀಕರಣದ ಅರ್ಜಿ, ಎಲ್ಲವನ್ನೂ ಬಂದ ಬಂದ ಹಾಗೆ, ಬಿಡದೆ, ವಿವರವಾಗಿ ಹೇಳುತ್ತಾ ಬಂದೆ. ಒಂದನೇ ತಾರೀಕು ಹೊಸ ಕೋಟು ಹಾಕಿಕೊಂಡು ಮೊದಲ ದಿನದ ಕೆಲಸಕ್ಕೆ ಹೋದವಳಿಗೆ ಮಧ್ಯಾಹ್ನದೊಳಗೆ ಹನ್ನೊಂದು ಮೆಸೇಜು ಕಳಿಸಿದ್ದೆ. ಸಂಜೆ ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ ನನ್ನೆದುರು ಕೈ ಮುಗಿದು ನಿಂತಳು.

"ನಿಮಗ ಪುಣ್ಯಾ ಬರ್ತದ್ರೀ," ಎಂದಳು. "ದಿನಕ್ಕ ಒಂದೆರಡರೆ ನನ್ನಿಂದ ಮುಚ್ಚಿಡ್ರಿ!"